ಗಾಡಿಯ ಕ್ಯೂಆರ್ ಕೋಡ್ ಮೇಲೆ ಬೇರೆಯವರ ಸ್ಟಿಕ್ಕರ್: ಪಿನ್ ಒತ್ತುವ ಮುಂಚೆ ಹೆಸರು ಕೇಳಿ

ನಮ್ಮ ಬೀದಿಯ ತಿರುವಿನಲ್ಲಿ ಎಳನೀರು ಮಾರುವವರ ಒಂದು ಭಾನುವಾರದ ಮೊಬೈಲ್ ವ್ಯಾಪಾರವೆಲ್ಲ ಇನ್ಯಾರದೋ ಖಾತೆಗೆ ಹೋಯಿತು. ರಾತ್ರಿ ಗಾಡಿಗೆ ಟಾರ್ಪಾಲು ಕಟ್ಟಿ ಹೋದ ಮೇಲೆ ಯಾರೋ ಬಂದು, ಅಲ್ಲಿ ಅಂಟಿಸಿದ್ದ ಕ್ಯೂಆರ್ ಕೋಡ್ ಮೇಲೆ ತಮ್ಮದನ್ನು ಮೆತ್ತಿದ್ದಾರೆ. ಅದೇ ಅಳತೆ, ಅದೇ ಬಣ್ಣ. ಗಾಡಿಯವರ ಕೈಯಲ್ಲಿರುವುದು ಬಟನ್ ಫೋನು. ಹಣ ಬಂದ ಮೆಸೇಜು ಹೋಗುವುದು ಮಗನ ಮೊಬೈಲಿಗೆ. ಗಿರಾಕಿ ತೋರಿಸುವ ಹಸಿರು ಟಿಕ್ಕೇ ಇವರಿಗೆ ರಸೀದಿ. ಹಣ ಬಂದಾಗ ಕೂಗಿ ಹೇಳುವ ಡಬ್ಬಿಗೆ ತಿಂಗಳ ಬಾಡಿಗೆ ಯಾಕೆ ದಂಡ ಅಂತ ಅದನ್ನೂ ಇಟ್ಟಿರಲಿಲ್ಲ. ಸಂಜೆ ಮಗ "ಅಪ್ಪಾ, ಇವತ್ತು ಒಂದು ರೂಪಾಯೂ ಬಂದಿಲ್ವಲ್ಲ?" ಅಂದಾಗಲೇ ಗೊತ್ತಾಗಿದ್ದು.

ಆ ಬೆಳಗ್ಗೆ ನಾನೂ ಅಲ್ಲಿ ಕುಡಿದಿದ್ದೆ. ನನ್ನ ಫೋನಿನಲ್ಲಿ ನೋಡಿದರೆ ಹಣ ಹೋಗಿರುವುದು ಯಾವುದೋ ‘ಟ್ರೇಡರ್ಸ್’ ಹೆಸರಿಗೆ.

ಕೋಡ್ ಸ್ಕ್ಯಾನ್ ಆಯಿತು ಅಂದರೆ ಸರಿಯಾದ ಕೋಡೇ ಇರಬೇಕು ಅಂತ ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. ಅದು ಕಪ್ಪು ಬಿಳಿ ಚೌಕಗಳಲ್ಲಿ ಬರೆದ ಒಂದು ಸಾಲು ಬರಹ, ಅಷ್ಟೆ. 1994ರಲ್ಲಿ ಜಪಾನಿನ ಡೆನ್ಸೋ ವೇವ್ ಕಂಪನಿ ಇದನ್ನು ಮಾಡಿದ್ದು ಕಾರಿನ ಬಿಡಿಭಾಗಗಳ ಲೆಕ್ಕ ಇಡಲು. ಕಳ್ಳರನ್ನು ತಡೆಯುವುದು ಅದರ ಕೆಲಸವೇ ಆಗಿರಲಿಲ್ಲ. ಮೂರು ಮೂಲೆಯ ದೊಡ್ಡ ಚೌಕಗಳಿಂದ ಕೋಡ್ ಎಲ್ಲಿದೆ, ಯಾವ ಕಡೆ ತಿರುಗಿದೆ ಎಂದು ಕ್ಯಾಮೆರಾಗೆ ತಿಳಿಯುತ್ತದೆ. ಉಳಿದ ಚೌಕಗಳಲ್ಲಿ ಬರಹದ ಜೊತೆಗೆ ತಪ್ಪು ತಿದ್ದಿಕೊಳ್ಳುವ ಲೆಕ್ಕವೂ ಇರುತ್ತದೆ. ಅದರ ಗರಿಷ್ಠ ಮಟ್ಟದಲ್ಲಿ ಸುಮಾರು ಶೇ. 30ರಷ್ಟು ಹಾಳಾದರೂ ಓದಬಹುದು. ಯುಪಿಐ ಕೋಡಿನಲ್ಲಿ ಇರುವುದು ಹಣ ಸೇರಬೇಕಾದ ಐಡಿ, ಒಂದು ಹೆಸರು, ಕೆಲವೊಮ್ಮೆ ಮೊತ್ತ. ಯಾರು ಬೇಕಾದರೂ ಬಿಟ್ಟಿಯಾಗಿ ಮಾಡಿ ಪ್ರಿಂಟ್ ಹಾಕಬಹುದು. ಅದು ಯಾರ ಗಾಡಿಯ ಮೇಲಿದೆ ಎಂಬುದು ನಿಮ್ಮ ಮೊಬೈಲಿಗೆ ಗೊತ್ತಾಗುವುದೇ ಇಲ್ಲ.

ಹಾಗಾಗಿ ಹಿಡಿಯಲು ಇರುವ ಜಾಗ ಒಂದೇ, ಪಿನ್‌ಗೆ ಮುಂಚೆ ಕಾಣುವ ಹೆಸರು. ಕೋಡಿನೊಳಗೆ ಬರೆದದ್ದನ್ನಲ್ಲ, ಬ್ಯಾಂಕಿನಲ್ಲಿ ದಾಖಲಾದ ಹೆಸರನ್ನೇ ತೋರಿಸಬೇಕು ಎಂದು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2025ರಲ್ಲಿ ಆ್ಯಪ್‌ಗಳಿಗೆ ಸೂಚಿಸಿದೆ. ಅದನ್ನು ಜೋರಾಗಿ ಓದಿ, "ಇದು ನಿಮ್ಮದೇನಾ?" ಅಂತ ಕೇಳಿ. ಮಗನದೋ ಹೆಂಡತಿಯದೋ ಆಗಿದ್ದರೆ ಅವರೇ ಹೇಳುತ್ತಾರೆ.

ಅಂಗಡಿ ಇಟ್ಟವರು ಬೆಳಗ್ಗೆ ಬಂದ ಕೂಡಲೇ ಸ್ಟಿಕ್ಕರಿನ ಅಂಚನ್ನು ಉಗುರಿನಿಂದ ಎಬ್ಬಿಸಿ ನೋಡಿ, ಎರಡು ಪದರ ಇದ್ದರೆ ತಿಳಿಯುತ್ತದೆ. ಯಾರದಾದರೂ ಫೋನಿನಿಂದ ಒಂದು ರೂಪಾಯಿ ಹಾಕಿಸಿಕೊಂಡು ನೋಡಿದರೆ ಇನ್ನೂ ಖಾತ್ರಿ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದಾಗ ಇನ್ನೊಂದು ತೊಡಕು ಎದುರಾಯಿತು. ಗಾಡಿಯವರ ಖಾತೆಯಿಂದ ಏನೂ ಹೋಗಿಲ್ಲ, ಹೋಗಿರುವುದು ಕುಡಿದವರ ಖಾತೆಗಳಿಂದ. ಪ್ರತಿ ಪಾವತಿಯ 12 ಅಂಕಿಯ ಸಂಖ್ಯೆ ನಮ್ಮ ನಮ್ಮ ಫೋನುಗಳಲ್ಲೇ ಇತ್ತು. ಬೀದಿಯವರು ಸ್ಕ್ರೀನ್‌ಶಾಟ್ ಕೊಟ್ಟೆವು. ಬೈಕ್ ನಿಲ್ಲಿಸಿ ಕುಡಿದು ಹೋದವರದು ಸಿಗಲಿಲ್ಲ. ನಿಮ್ಮ ಕಡೆ ಹೀಗಾದರೆ ಆವತ್ತೇ ಗಿರಾಕಿಗಳನ್ನು ಹುಡುಕಿ, ಆ ಸಂಖ್ಯೆಗಳನ್ನು ಕೂಡಿಸಿಕೊಂಡು ದೂರು ಕೊಡಿ.