ಇಂಗ್ಲಿಷ್ ಪದ ಕಲಿಯಲು ಆಂಕಿ ಆ್ಯಪ್: ಎರಡು ವರ್ಷ ಬಳಸಿದ ಮೇಲೆ

ಬ್ಯಾಂಕ್, ಎಸ್‌ಎಸ್‌ಸಿ (ಕೇಂದ್ರ ಸರ್ಕಾರಿ ಕೆಲಸದ) ಪರೀಕ್ಷೆಗೆ ಓದುವ ನಮ್ಮ ದಾವಣಗೆರೆ ಹುಡುಗರಲ್ಲಿ ಸುಮಾರು ಜನ ಮಾಡೋದು ಒಂದೇ. ಇಂಗ್ಲಿಷ್ ಪದಗಳ ದಪ್ಪ ಪುಸ್ತಕ ತಂದು ‘ಎ’ಯಿಂದ ಶುರು ಮಾಡೋದು, ‘ಸಿ’ ಬರುವ ಹೊತ್ತಿಗೆ ಬಿಟ್ಟುಬಿಡೋದು. ನಾನು ಆಂಕಿ ಅನ್ನೋ, ಕಾರ್ಡ್ ತೋರಿಸಿ ನೆನಪು ಮಾಡಿಸುವ ಆ್ಯಪ್ ಹಿಡಿದು ಎರಡು ವರ್ಷ ದಾಟಿತು. ಆಂಡ್ರಾಯ್ಡ್‌ನಲ್ಲಿ ಇದರ ಹೆಸರು ಆಂಕಿಡ್ರಾಯ್ಡ್. ಪೂರ್ತಿ ಉಚಿತ, ಜಾಹೀರಾತಿನ ಕಾಟವೂ ಇಲ್ಲ. ಐಫೋನ್‌ಗೆ ಮಾತ್ರ ದುಡ್ಡು ಕೊಡಬೇಕು. ನೆಟ್ ಇಲ್ಲದಿದ್ದರೂ ನಡೆಯುತ್ತದೆ, ಹರಿಹರದ ಬಸ್ಸಿನಲ್ಲಿ ಕೂತೇ ಮುಗಿಸಬಹುದು.

ಕಾರ್ಡಿನ ಒಂದು ಕಡೆ ಪದ, ಇನ್ನೊಂದು ಕಡೆ ಅರ್ಥ. ನೆನಪಿತ್ತಾ ಇಲ್ವಾ ಅಂತ ನೀವೇ ಒತ್ತಬೇಕು. ನೆನಪಿದ್ದರೆ ಆ ಕಾರ್ಡ್ ಕೆಲವು ದಿನ, ಆಮೇಲೆ ತಿಂಗಳು ಬಿಟ್ಟು ಬರುತ್ತದೆ. ಮರೆತರೆ ಬೇಗ ಬರುತ್ತದೆ.

ನೆಟ್‌ನಲ್ಲಿ ಸಿಗುವ ರೆಡಿ ಡೆಕ್‌ಗಳನ್ನು, ಅಂದರೆ ಬೇರೆಯವರು ಮಾಡಿಟ್ಟ ಕಾರ್ಡ್ ಕಟ್ಟುಗಳನ್ನು ಮಾತ್ರ ನಂಬಿಕೊಳ್ಳಬೇಡಿ. ನಾನು ಇಳಿಸಿಕೊಂಡಿದ್ದರಲ್ಲಿ ಪದ, ಅದಕ್ಕೊಂದು ಅರ್ಥ, ಅಷ್ಟೇ. ‘ಅಬೇಟ್’, ‘ಅಬೆಟ್’ ಎರಡೂ ಕಲಸಿಹೋಗುತ್ತಿದ್ದವು. ಮೊದಲನೆಯದು ಮಳೆಯೋ ನೋವೋ ತಗ್ಗೋದಕ್ಕೆ, ಎರಡನೆಯದು ಅಪರಾಧಕ್ಕೆ ಕುಮ್ಮಕ್ಕು ಕೊಡೋದಕ್ಕೆ. ಕಲಿತ ಕಾರ್ಡನ್ನೇ ಎಂಟು ಸಲ ಮರೆತರೆ ಆಂಕಿ ಅದಕ್ಕೆ ‘ಲೀಚ್’, ಅಂದರೆ ಜಿಗಣೆ, ಅಂತ ಗುರುತು ಹಾಕುತ್ತದೆ. ನನಗೆ ತುಂಬಾ ಹಿಡಿಸಿದ್ದು ಇದೇ. ಜಿಗಣೆಗಳನ್ನೆಲ್ಲ ಭಾನುವಾರ ಹೊರಗೆ ತೆಗೆದು, ವಾಕ್ಯದ ಸಮೇತ ಹೊಸದಾಗಿ ಬರೆಯುತ್ತೇನೆ. ‘ಅಬೆಟ್’ ಕಾರ್ಡಿನಲ್ಲಿ ಈಗ ಕಳ್ಳನಿಗೆ ಬೈಕ್ ಕೊಟ್ಟು ಓಡಿಸಿದ ಗೆಳೆಯ ಇದ್ದಾನೆ. ಅವನು ಮರೆಯೋದೇ ಇಲ್ಲ!

ದೊಡ್ಡ ತಲೆನೋವು ಅಂದರೆ ಬಾಕಿ. ದುಗ್ಗಮ್ಮನ ಜಾತ್ರೆಗೆ ಮನೆ ತುಂಬಾ ನೆಂಟರು, ಮೊಬೈಲ್ ಮುಟ್ಟಲು ಆಗಲಿಲ್ಲ. ಜಾತ್ರೆ ಮುಗಿದ ಮೇಲೆ ನೋಡಿದರೆ ಕಾರ್ಡ್‌ಗಳ ರಾಶಿ. ದಿನಕ್ಕೆ 20 ಹೊಸ ಕಾರ್ಡ್ ಅಂತ ಆ್ಯಪಿನಲ್ಲಿ ಮೊದಲೇ ಇರುತ್ತದೆ. ಕೆಲಸಕ್ಕೆ ಹೋಗುವವರಿಗೆ ಅದು ಜಾಸ್ತಿನೇ. 5ಕ್ಕೆ ಇಳಿಸಿ. ಬಾಕಿ ಬೆಳೆದಾಗ ಹೊಸದನ್ನು ಸೊನ್ನೆ ಮಾಡಿ, ಹಳೆಯದನ್ನು ತೀರಿಸಿ. 2023ರಲ್ಲಿ ಬಂದ ಎಫ್‌ಎಸ್‌ಆರ್‌ಎಸ್ ಅನ್ನೋ ಲೆಕ್ಕಾಚಾರವನ್ನೂ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿಕೊಳ್ಳಿ. ನಿಮ್ಮ ಮರೆವಿಗೆ ತಕ್ಕಂತೆ ದಿನಗಳನ್ನು ಹೊಂದಿಸುತ್ತದೆ.

ಎಸ್‌ಎಸ್‌ಸಿಯ ಸಿಜಿಎಲ್, ಅಂದರೆ ಪದವೀಧರರ ಪರೀಕ್ಷೆಯ ಮೊದಲ ಹಂತದಲ್ಲಿ ತಪ್ಪು ಉತ್ತರಕ್ಕೆ ಅರ್ಧ ಅಂಕ ಹೋಗುತ್ತದೆ. ಸಮಾನಾರ್ಥಕ ಪದಗಳಲ್ಲಿ ಸುಮ್ನೆ ಊಹೆ ಮಾಡುವುದು ನನಗೆ ಈಗ ಕಡಿಮೆಯಾಗಿದೆ. ಆದರೆ ಪ್ಯಾಸೇಜ್ ಓದಿ ಉತ್ತರಿಸುವ ಪ್ರಶ್ನೆಗಳಿಗೆ ಆಂಕಿ ಸಾಲದು, ಇಂಗ್ಲಿಷ್ ದಿನಪತ್ರಿಕೆ ಓದಲೇಬೇಕು. ಇನ್ನು ಮಾತಾಡೋಕೆ ಬರುತ್ತಾ ಅಂತ ಕೇಳಿದರೆ, ಇಲ್ಲ. ಅದಕ್ಕೆ ಎದುರಿಗೆ ಮನುಷ್ಯರೇ ಬೇಕು.