ಫಾರ್ಮ್ 6ನ್ನು ಹುಡುಗರ ಕೈಗೇ ಕೊಡಿ

ಹೊಸ ಮತದಾರರ ಹೆಸರು ಸೇರಿಸುವ ಸೇವೆಯ ಬಗ್ಗೆ ಬರೆಯುತ್ತಿದ್ದೇನೆ. ಚುನಾವಣಾ ಆಯೋಗದ ಫಾರ್ಮ್ 6, ಅದನ್ನು ತುಂಬುವ ವೆಬ್‌ಸೈಟ್ ಮತ್ತು ಆ್ಯಪ್, ಆಮೇಲೆ ಮನೆಗೆ ಬರುವ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ), ಕೊನೆಗೆ ಸ್ಪೀಡ್ ಪೋಸ್ಟಿನಲ್ಲಿ ಬರುವ ಕಾರ್ಡು, ಇಷ್ಟೂ ಸೇರಿ. ಹೋಟೆಲಿಗೆ, ಮೊಬೈಲಿಗೆ ಸ್ಟಾರ್ ಕೊಡುವ ನಾವು ಇಂಥದ್ದರ ಬಗ್ಗೆ ಬರೆಯುವುದೇ ಕಡಿಮೆ. ಇಡೀ ಕೆಲಸಕ್ಕೆ ಒಂದು ಪೈಸೆ ಫೀ ಇಲ್ಲ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಹಿಡಿದುಕೊಂಡೆ ಅಂತ ಮುಂದೆ ಹೇಳುತ್ತೇನೆ.

ನಾನು ಬಾಗಲಕೋಟೆಯ ನವನಗರದಲ್ಲಿ ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಕಲಿಸುತ್ತೇನೆ. ಪೌರತ್ವ, ಹಕ್ಕು, ಕರ್ತವ್ಯ ಎಲ್ಲ ಪ್ರತಿ ವರ್ಷ ಬರುವ ಪಾಠಗಳು. ಮಕ್ಕಳು ಬಾಯಿಪಾಠ ಮಾಡುತ್ತಾರೆ. 1976ರ 42ನೇ ತಿದ್ದುಪಡಿ, ಹತ್ತು ಮೂಲಭೂತ ಕರ್ತವ್ಯಗಳು. 2002ರ 86ನೇ ತಿದ್ದುಪಡಿ, ಹನ್ನೊಂದನೆಯದು. ಈ ಹನ್ನೊಂದರಲ್ಲಿ ಮತ ಹಾಕುವುದು ಎಷ್ಟನೆಯದು ಅಂತ ಕೇಳಿ ನೋಡಿ. ಇಡೀ ಕ್ಲಾಸು ಪುಸ್ತಕ ತಿರುವಿ ಹಾಕುತ್ತದೆ. ಸಿಗುವುದಿಲ್ಲ, ಯಾಕಂದರೆ ಆ ಪಟ್ಟಿಯಲ್ಲಿ ಅದು ಇಲ್ಲ. ನಮ್ಮ ದೇಶದಲ್ಲಿ ಮತ ಹಾಕು ಅಂತ ಯಾರೂ ಕೈಹಿಡಿದು ಎಳೆದುಕೊಂಡು ಹೋಗುವುದಿಲ್ಲ. ಸಂವಿಧಾನದ 326ನೇ ವಿಧಿ ಹಕ್ಕು ಕೊಟ್ಟಿದೆ, ಹೋಗಿ ಹೆಸರು ಬರೆಸುವ ಕೆಲಸ ನಮ್ಮದು. ಈ ಮಾತನ್ನು ಬೋರ್ಡಿನ ಮೇಲೆ ಬರೆದು ಹೇಳುವುದಕ್ಕಿಂತ ಆ ಫಾರ್ಮನ್ನೇ ಮಕ್ಕಳ ಕೈಗೆ ಕೊಡುವುದು ಒಳ್ಳೆಯದು ಅಂತ ನನಗೆ ಈಗ ಪೂರಾ ನಂಬಿಕೆ ಬಂದಿದೆ.

ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. 17 ತುಂಬಿದರೆ ಸಾಕು, ಮುಂಗಡವಾಗಿ ಅರ್ಜಿ ಹಾಕಬಹುದು. 18 ಆದ ಮೇಲೆ ಹೆಸರು ಪಟ್ಟಿಗೆ ಸೇರುತ್ತದೆ. ಮೊದಲು ವರ್ಷಕ್ಕೆ ಜನವರಿ 1 ಒಂದೇ ಅರ್ಹತಾ ದಿನ ಇತ್ತು, ಅಂದರೆ ಅವತ್ತಿಗೆ 18 ತುಂಬಿರಬೇಕಿತ್ತು. ಜನವರಿ 2ಕ್ಕೆ ಹುಟ್ಟಿದ ಹುಡುಗ ಸುಮ್ನೆ ಒಂದು ವರ್ಷ ಕಾಯಬೇಕಾಗಿತ್ತು. 2022ರ ಆಗಸ್ಟಿನಿಂದ ನಾಲ್ಕು ದಿನ ಆಗಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ದ್ವಿತೀಯ ಪಿಯು ಮಕ್ಕಳಲ್ಲಿ ಬಹಳಷ್ಟು ಮಂದಿ ಇದರೊಳಗೆ ಬರುತ್ತಾರೆ. ಬೇಕಾಗುವುದೂ ಜಾಸ್ತಿ ಇಲ್ಲ. ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನಡೆಯುತ್ತದೆ. ವಿಳಾಸಕ್ಕೆ ಆಧಾರ್, ಬ್ಯಾಂಕ್ ಪಾಸ್‌ಬುಕ್, ಕರೆಂಟ್ ಬಿಲ್ಲು ಇಂಥವುಗಳಲ್ಲಿ ಒಂದು. ಒಂದು ಪಾಸ್‌ಪೋರ್ಟ್ ಸೈಜ್ ಫೋಟೊ. ಮನೆಯಲ್ಲಿ ಈಗಾಗಲೇ ವೋಟರ್ ಕಾರ್ಡ್ ಇದ್ದವರ ನಂಬರು ಇದ್ದರೆ ಇನ್ನೂ ಸಲೀಸು.

ಫಾರ್ಮಿನಲ್ಲಿ ಹೆಸರಾದ ಮೇಲೆ ಸಂಬಂಧಿಕರ ಹೆಸರಿನ ಕಾಲಂ ಬರುತ್ತದೆ. ನನಗೆ ಅತ್ಯಂತ ಮುಖ್ಯ ಅನ್ನಿಸುವುದು ಇದೇ. ತಂದೆ, ತಾಯಿ, ಗಂಡ, ಹೆಂಡತಿ, ಇವರಲ್ಲಿ ಯಾರಾದರೂ ಒಬ್ಬರ ಹೆಸರು ಕೊಟ್ಟರೆ ಸಾಕು. ಅನಾಥರಾದರೆ ಪೋಷಕರ ಹೆಸರು, ಟ್ರಾನ್ಸ್‌ಜೆಂಡರ್ ಆದರೆ ಗುರುವಿನ ಹೆಸರು ಕೊಡಬಹುದು. ಲಿಂಗದ ಕಾಲಂನಲ್ಲಿ ಮೂರು ಆಯ್ಕೆ ಇವೆ. ನಮ್ಮ ಮುಧೋಳ, ಜಮಖಂಡಿ, ಹುನಗುಂದ ಕಡೆಯಿಂದ ಬರುವ ಮಕ್ಕಳಲ್ಲಿ ದೇವದಾಸಿ ತಾಯಂದಿರ ಮಕ್ಕಳೂ ಇರುತ್ತಾರೆ. ಮುತ್ತು ಕಟ್ಟುವುದನ್ನು, ಅಂದರೆ ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡುವುದನ್ನು, ಕರ್ನಾಟಕ 1982ರ ಕಾಯ್ದೆಯಿಂದಲೇ ನಿಷೇಧಿಸಿದೆ, ಆದರೂ ಆ ತಾಯಂದಿರು, ಆ ಮಕ್ಕಳು ನಮ್ಮ ನಡುವೆ ಇದ್ದಾರೆ. ಯಾವ ಅರ್ಜಿ ಕೊಟ್ಟರೂ 'ತಂದೆಯ ಹೆಸರು' ಅನ್ನುವ ಜಾಗಕ್ಕೆ ಬಂದಾಗ ಆ ಮಕ್ಕಳ ಪೆನ್ನು ನಿಲ್ಲುವುದನ್ನು ನೋಡಿದ್ದೇನೆ. ಈ ಫಾರ್ಮಿನಲ್ಲಿ ಒಬ್ಬ ಹುಡುಗಿ 'ತಾಯಿ' ಅನ್ನುವುದನ್ನು ಒತ್ತಿದಳು, ಅವ್ವನ ಹೆಸರು ಬರೆದಳು, ಮುಂದಿನ ಕಾಲಂಗೆ ಹೋದಳು. ಯಾರೂ ಏನೂ ಕೇಳಲಿಲ್ಲ. ಒಂದು ಸರ್ಕಾರಿ ಫಾರ್ಮು ಇಷ್ಟು ಮರ್ಯಾದೆಯಿಂದ ನಡೆದುಕೊಳ್ಳಬಹುದು ಅಂತ ತಿಳಿದಾಗ ನನಗೆ ಬಹಳ ಸಮಾಧಾನ ಆಯಿತು.

ಇದರ ಜೊತೆಗೆ ಹಳೆಯ ಒಂದು ಕತೆ ಹೇಳುತ್ತೇನೆ. 1951–52ರಲ್ಲಿ ಮೊದಲ ಸಾರ್ವತ್ರಿಕ ಚುನಾವಣೆ ನಡೆದಾಗ ಮುಖ್ಯ ಚುನಾವಣಾ ಆಯುಕ್ತರಾಗಿದ್ದವರು ಸುಕುಮಾರ್ ಸೇನ್. ಉತ್ತರದ ಹಲವು ರಾಜ್ಯಗಳಲ್ಲಿ ಹೆಣ್ಣುಮಕ್ಕಳು ಪರಗಂಡಸರ ಮುಂದೆ ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರೆಸಿದರು. ಹಾಗೆ ಬರೆದಿದ್ದನ್ನು ಆಯೋಗ ಒಪ್ಪಲಿಲ್ಲ. ಸುಮಾರು 28 ಲಕ್ಷ ಮಹಿಳೆಯರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಅವತ್ತು ಅದು ಕಠಿಣ ಅನ್ನಿಸಿರಬೇಕು. ಆದರೆ ಆಮೇಲೆ ಹೆಣ್ಣುಮಕ್ಕಳು ಸ್ವಂತ ಹೆಸರಿನಲ್ಲೇ ಪಟ್ಟಿಗೆ ಬಂದರು. ನಮ್ಮ ಕ್ಲಾಸಿನ ಹುಡುಗಿಯರು ಈ ಕತೆಯನ್ನು ಮನೆಗೆ ಒಯ್ದು ಅಜ್ಜಿಯರಿಗೆ ಹೇಳುತ್ತಾರೆ. ಅಜ್ಜಿಯ ಕಾರ್ಡಿನಲ್ಲಿ ಹೆಸರು ಸರಿ ಇದೆಯಾ ಅಂತ ತೆಗೆದು ನೋಡುತ್ತಾರೆ.

ಕ್ಲಾಸಿನಲ್ಲಿ ಜಗಳವೇ ಆಗುವುದು ವಿಳಾಸದ ಕಾಲಂನಲ್ಲಿ. ಹಾಸ್ಟೆಲಿನಲ್ಲಿ ಇರುವ ವಿದ್ಯಾರ್ಥಿಗೆ ಆಯ್ಕೆ ಇದೆ. ತಂದೆ ತಾಯಿ ಇರುವ ಊರಲ್ಲಿ ಹೆಸರು ಬರೆಸಬಹುದು, ಇಲ್ಲವೇ ಹಾಸ್ಟೆಲ್ ಇರುವ ಊರಲ್ಲಿ ಬರೆಸಬಹುದು. ಹಾಸ್ಟೆಲ್ ವಿಳಾಸ ಕೊಡುವುದಾದರೆ ಕಾಲೇಜಿನ ಮುಖ್ಯಸ್ಥರ ಪ್ರಮಾಣಪತ್ರ ಬೇಕು. ಎರಡೂ ಕಡೆ ಮಾತ್ರ ಆಗುವುದಿಲ್ಲ. ಬೇರೆ ಕಡೆ ನನ್ನ ಹೆಸರಿಲ್ಲ ಅಂತ ಫಾರ್ಮಿನ ಕೊನೆಯಲ್ಲಿ ಘೋಷಣೆ ಮಾಡಬೇಕು. ಗೊತ್ತಿದ್ದೂ ಸುಳ್ಳು ಬರೆದರೆ 1950ರ ಜನಪ್ರತಿನಿಧಿ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಈ ಭಾಗವನ್ನು ನಾನು ಕ್ಲಾಸಿನಲ್ಲಿ ಜೋರಾಗಿ ಓದಿಸುತ್ತೇನೆ.

ಬಾದಾಮಿ ತಾಲೂಕಿನ ಒಬ್ಬ ಹುಡುಗ ಎದ್ದು ಕೇಳಿದ: "ಮೇಡಮ್ರಿ, ಇಲ್ಲಿ ಬರೇ ಎರಡ ವರ್ಷ ಇರ್ತೀವ್ರಿ. ಇಲ್ಲಿ ಎಮ್ಮೆಲ್ಲೆ ಯಾರಾದ್ರ ನಮಗೇನ್ರಿ?"

ಹಿಂದಿನ ಬೆಂಚಿನ ಹುಡುಗಿ ನನ್ನನ್ನು ಬಾಯಿ ತೆಗೆಯಲೂ ಬಿಡಲಿಲ್ಲ: "ಎರಡ ವರ್ಷ ಕುಡಿಯೂ ನೀರು ಈ ಊರಿಂದಲ್ಲೇನೋ?"

ಅವನು ಕೊನೆಗೆ ಊರಿನ ವಿಳಾಸವನ್ನೇ ಕೊಟ್ಟ. ಕಾರಣವನ್ನೂ ಹೇಳಿದ. ಅವರ ಓಣಿಗೆ ಗಟಾರ ಇಲ್ಲವಂತೆ, ಪಂಚಾಯಿತಿ ಚುನಾವಣೆಯಲ್ಲಿ ಅದನ್ನು ಕೇಳಬೇಕಂತೆ. ಅವಳು ನವನಗರದ ವಿಳಾಸ ಕೊಟ್ಟಳು, ಅವಳಿಗೆ ಮುಂದೆ ಡಿಗ್ರಿಯೂ ಇಲ್ಲೇ. ಇಬ್ಬರದೂ ಸರಿ. ತಾನು ಯಾವ ಊರಿನವನು, ಯಾರ ಹತ್ತಿರ ಲೆಕ್ಕ ಕೇಳಬೇಕು ಅಂತ ಹದಿನೇಳರ ಹುಡುಗ ಯೋಚನೆ ಮಾಡಿ ತೀರ್ಮಾನ ಮಾಡಿದ, ಅಲ್ವಾ? ಅದಕ್ಕೆ ಒಂದು ಪೂರಾ ಪೀರಿಯಡ್ ಹೋದರೂ ಬೇಸರ ಇಲ್ಲ.

ನಮ್ಮ ಊರಿನವರಿಗೆ ವಿಳಾಸ ಅಂದರೆ ಸಣ್ಣ ಮಾತಲ್ಲ. ನವನಗರ ಹುಟ್ಟಿದ್ದೇ ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರಿಗಾಗಿ. ಓಣಿಯ ಹೆಸರು ಹೋಗಿ ಸೆಕ್ಟರ್ ನಂಬರು, ಪ್ಲಾಟ್ ನಂಬರು ಬಂತು. ಈಗ ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಯೋಜನೆ ಮುಂದಿದೆ. ಅದಾದರೆ ಇನ್ನೂ ಎಷ್ಟೋ ಮನೆಗಳು ಎದ್ದು ಹೋಗಬೇಕಾಗುತ್ತದೆ. ಅಂಥ ಮನೆಗಳ ಮಕ್ಕಳಿಗೆ ಫಾರ್ಮ್ 8ನ್ನೂ ತೋರಿಸುತ್ತೇನೆ. ವಿಳಾಸ ಬದಲಾದರೆ, ಹೆಸರು ತಿದ್ದಬೇಕಾದರೆ, ಕಾರ್ಡು ಕಳೆದುಹೋದರೆ ಅದೇ ಫಾರ್ಮು. ಮನೆ ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ. ಚುನಾವಣೆ ದಿನ ಬೂತಿಗೆ ಹೋದಾಗಲೇ ಗೊತ್ತಾಗುವುದು. ಕೈಯಲ್ಲಿ ಕಾರ್ಡು ಇದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತ ಇಲ್ಲ. ಪಟ್ಟಿಯಲ್ಲಿ ಹೆಸರಿದ್ದು ಕಾರ್ಡು ಸಿಗದಿದ್ದರೆ ಆಯೋಗ ಒಪ್ಪುವ ಬೇರೆ ಗುರುತಿನ ಚೀಟಿ ನಡೆಯುತ್ತದೆ.

ಇನ್ನು ಆನ್‌ಲೈನ್ ಅಂಗಡಿಗಳ ಮಾತು. ದುಡ್ಡು ಕೊಟ್ಟು ಅಲ್ಲಿ ಮಾಡಿಸುವುದು ಸುಲಭ ಅಂತ ಪಾಲಕರಿಗೆ ಅನ್ನಿಸುತ್ತದೆ. ನನ್ನ ಒಬ್ಬ ವಿದ್ಯಾರ್ಥಿಗೆ ಒಂದು ಅಂಗಡಿಯವರು ನೂರೈವತ್ತು ರೂಪಾಯಿ ತೆಗೆದುಕೊಂಡರು. ಅದಾದರೂ ಹೋಗಲಿ. ಫಾರ್ಮಿನಲ್ಲಿ ತಮ್ಮ ಅಂಗಡಿಯ ಮೊಬೈಲ್ ನಂಬರನ್ನೇ ಹಾಕಿಬಿಟ್ಟಿದ್ದರು. ಮೆಸೇಜು ಎಲ್ಲ ಅಲ್ಲಿಗೆ ಹೋಯಿತು. ಅರ್ಜಿಯ ರೆಫರೆನ್ಸ್ ನಂಬರು ಹುಡುಗನಿಗೆ ಸಿಗಲೇ ಇಲ್ಲ. ಅರ್ಜಿ ಎಲ್ಲಿದೆ ಅಂತ ನೋಡಲು ಅವನು ಮತ್ತೆ ಅದೇ ಅಂಗಡಿಯ ಮುಂದೆ ನಿಲ್ಲಬೇಕಾಯಿತು. ಸ್ವಂತ ಮೊಬೈಲಿನಲ್ಲಿ, ಇಲ್ಲವೇ ಮನೆಯವರ ಮೊಬೈಲಿನಲ್ಲಿ ಮಾಡಿ. ಮೊಬೈಲ್ ಬೇಡ ಅನ್ನುವವರು ಕಾಗದದ ಫಾರ್ಮನ್ನು ಬಿಎಲ್‌ಒ ಕೈಗೆ ಕೊಡಬಹುದು. ಅದಕ್ಕೂ ದುಡ್ಡಿಲ್ಲ.

ಬಿಎಲ್‌ಒಗಳಿಗೆ ನನ್ನಿಂದ ಪೂರ್ತಿ ಅಂಕ. ಬಹಳ ಕಡೆ ಅಂಗನವಾಡಿ ಟೀಚರ್‌ಗಳು, ಶಾಲೆಯ ಮಾಸ್ತರರೇ ಈ ಕೆಲಸ ಮಾಡುತ್ತಾರೆ, ಅದೂ ತಮ್ಮ ಕೆಲಸದ ಜೊತೆಗೆ. ನಮ್ಮ ಸೆಕ್ಟರಿಗೆ ಬಂದ ಅಂಗನವಾಡಿ ಅಕ್ಕೋರು ಬಿಸಿಲಲ್ಲಿ ನಿಂತೇ ಹುಡುಗನ ಅಂಕಪಟ್ಟಿ ನೋಡಿದರು, ಮನೆಯಲ್ಲಿ ಇನ್ಯಾರ ಹೆಸರಿದೆ ಕೇಳಿದರು, ತೀರಿಕೊಂಡವರು ಯಾರಾದರೂ ಇದ್ದಾರಾ ಅಂತಲೂ ಕೇಳಿದರು. ಹುಡುಗ ತನ್ನ ಮುತ್ಯಾನ ಹೆಸರು ಹೇಳಿದ. ತೀರಿಕೊಂಡವರ ಹೆಸರು ತೆಗೆಸಲು ಫಾರ್ಮ್ 7 ಅಂತ ಅಕ್ಕೋರೇ ಹೇಳಿಕೊಟ್ಟರು. ಹಕ್ಕು ಕೇಳಲು ಕುಳಿತ ಹುಡುಗ ಪಟ್ಟಿಯನ್ನು ಸರಿಯಾಗಿ ಇಡುವ ಹೊಣೆಯನ್ನೂ ಅದೇ ಕಟ್ಟೆಯ ಮೇಲೆ ಕಲಿತ.

ಹಿಡಿದುಕೊಂಡ ಒಂದು ಸ್ಟಾರು ಕನ್ನಡದ ಕಾರಣಕ್ಕೆ. ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಕನ್ನಡದ ಹೆಸರು ತಾನಾಗಿ ಮೂಡುತ್ತದೆ. ಇಂಗ್ಲಿಷಿಗೆ ಲ ಮತ್ತು ಳ ಎರಡೂ ಒಂದೇ. ನಮ್ಮ ಕಡೆ ಅಡ್ಡಹೆಸರುಗಳಲ್ಲಿ ಳಕಾರ ಜಾಸ್ತಿ. ಹಳ್ಳೂರ ಹೋಗಿ ಹಲ್ಲೂರ ಆಗಬಾರದು, ಗೌಳಿ ಹೋಗಿ ಗೌಲಿ ಆಗಬಾರದು. ತಿದ್ದಲು ಅವಕಾಶ ಇದೆ, ಆದರೆ ಕಣ್ಣು ಅಲ್ಲಿ ಬೀಳುವುದಿಲ್ಲ. ಕನ್ನಡದ ಹೆಸರನ್ನು ಕನ್ನಡದಲ್ಲೇ ಮೊದಲು ಬರೆಸಿಕೊಳ್ಳಬೇಕು ಅಂತ ನನ್ನ ಒತ್ತಾಯ. ಅಲ್ಲಿಯವರೆಗೆ ಸಬ್ಮಿಟ್ ಒತ್ತುವ ಮೊದಲು ಕನ್ನಡದ ಸಾಲನ್ನು ಅಕ್ಷರ ಅಕ್ಷರ ಓದಿ.

ಅರ್ಜಿ ಕೊಟ್ಟ ಮೇಲೆ ಯಾರಾದರೂ ಆಕ್ಷೇಪಣೆ ಹೇಳಲು ಒಂದು ವಾರ ಕಾಲ ಇರುತ್ತದೆ. ಆಮೇಲೆ ನೋಂದಣಾಧಿಕಾರಿ ತೀರ್ಮಾನ ಮಾಡುತ್ತಾರೆ. ತಿರಸ್ಕಾರ ಆದರೆ ಅಲ್ಲಿಗೇ ಮುಗಿಯಿತು ಅಂತ ತಿಳಿಯಬೇಡಿ. 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹೋಗಬಹುದು. ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಏನೇ ಸಂಶಯ ಇದ್ದರೂ 1950ಕ್ಕೆ ಫೋನ್ ಮಾಡಿ.

ನಿಮ್ಮ ಮನೆಯಲ್ಲಿ 17 ತುಂಬಿದ ಮಕ್ಕಳಿದ್ದರೆ ಈ ಭಾನುವಾರ ಅಂಕಪಟ್ಟಿ, ಆಧಾರ್, ಫೋಟೊ ತೆಗೆದಿಟ್ಟು ಅವರನ್ನು ಕೂರಿಸಿ. ನೀವು ಪಕ್ಕದಲ್ಲಿ ಕುಳಿತುಕೊಳ್ಳಿ, ಕೇಳಿದರೆ ಹೇಳಿ. ಟೈಪ್ ಮಾತ್ರ ಅವರೇ ಮಾಡಲಿ, ಘೋಷಣೆಯನ್ನು ಅವರೇ ಓದಲಿ.