ಡಾಕ್ಟರ್‌ಗಳ ರೆಫರೆನ್ಸ್ ಆಪ್ ಒಂದು ವರ್ಷ ಬಳಸಿ ನೋಡಿದೆ, ಮೂಡಿಗೆರೆ ಕಡೆಯಿಂದ ರಿವ್ಯೂ

ಆಪ್ ಹೆಸರು ಹಾಕಲ್ಲ, ಸುಮ್ನೆ ರಗಳೆ ಯಾಕೆ. ಅಮೆರಿಕದವ್ರು ಮಾಡಿದ್ದು, ಕಾಯಿಲೆ ಹೆಸರು ಹೊಡೆದ್ರೆ ಲಕ್ಷಣ, ಟೆಸ್ಟು, ಟ್ರೀಟ್‌ಮೆಂಟು ಎಲ್ಲಾ ಒಂದೇ ಕಡೆ ಬರುತ್ತಲ್ಲ ಆ ಥರದ್ದು. ನಂದು ಮೂಡಿಗೆರೆ ಕಡೆ ಸಣ್ಣ ಕ್ಲಿನಿಕ್ಕು, ಬರೋರು ತೋಟದ ಕೆಲ್ಸದವ್ರು, ಪ್ಲಾಂಟರ್‌ಗಳು, ವೀಕೆಂಡ್ ಆದ್ರೆ ಚಾರ್ಮಾಡಿ ಘಾಟಿ ಹತ್ತಿ ವಾಂತಿ ಮಾಡ್ಕೊಂಡು ಬರೋ ಟೂರಿಸ್ಟ್‌ಗಳು.

ಒಳ್ಳೇದು ಮೊದ್ಲು ಹೇಳ್ತೀನಿ. ತೋಟಕ್ಕೆ ಹೊಡೆಯೋ ಔಷಧಿ ಕುಡಿದು ಒಬ್ರು ಬಂದಾಗ ಆ ವಿಷಕ್ಕೆ ಕೊಡೋ ಆಟ್ರೊಪಿನ್ ಇಂಜೆಕ್ಷನ್ ಡೋಸ್ ಒಂದ್ಸಲ ಖಾತ್ರಿ ಮಾಡ್ಕೊಳ್ಳೋಣ ಅಂತ ತೆಗೆದೆ, ಎರಡೇ ಟ್ಯಾಪ್‌ಗೆ ಸಿಕ್ತು. ಐದೈದು ನಿಮಿಷಕ್ಕೆ ನೋಡು, ಸಾಲದಿದ್ರೆ ಡಬಲ್ ಮಾಡು, ಎದೆ ಒಳಗಿನ ಗೊರಗೊರ ನಿಲ್ಲೋದು ಮುಖ್ಯ, ಕಣ್ಣಿನ ಪಾಪೆ ನೋಡ್ಕೊಂಡು ಕೂರ್ಬೇಡ ಅಂತ ಸ್ಪಷ್ಟವಾಗಿ ಇದೆ. ನಮ್ಮ ಆಂಪೂಲ್ 0.6 ಮಿಲಿಗ್ರಾಂದು, ಅಂದ್ರೆ ಶುರುವಿಗೇ ಮೂರರಿಂದ ಐದು (1.8ರಿಂದ 3 ಮಿಲಿಗ್ರಾಂ) ಒಡೀಬೇಕು, ಆ ಲೆಕ್ಕ ಮಾತ್ರ ನಾವೇ ಹಾಕ್ಕೋಬೇಕು. ಹಾಸನಕ್ಕೆ ಕಳಿಸೋವರೆಗೆ ಅದೇ ಕೈ ಹಿಡೀತು. ಥೈರಾಯ್ಡು, ಶುಗರು, ಬಿಪಿ ಇವುಕ್ಕೆಲ್ಲ ತಕರಾರೇ ಇಲ್ಲ.

ಈಗ ಹಾವಿನ ವಿಷ್ಯಕ್ಕೆ ಬನ್ನಿ ಮಾರಾಯ್ರೆ. ಹೋದ ಮಳೆಗಾಲ ಕಳೆ ತೆಗೀತಿದ್ದ ಹೆಂಗಸಿಗೆ ಬೆರಳಿಗೆ ಕಚ್ಚಿತ್ತು, ತೋಟದ ರೈಟ್ರು ಹಾವನ್ನೂ ಕವರಲ್ಲಿ ಹಾಕ್ಕೊಂಡು ಬಂದಿದ್ರು, "ಡಾಕ್ಟ್ರೇ, ಒಣಗಿದ ಎಲೆ ಥರ ಇತ್ತು, ಗೊತ್ತೇ ಆಗ್ಲಿಲ್ಲ" ಅಂದ್ರು. ನೋಡಿದ್ರೆ ಮೂಗು ಮೇಲಕ್ಕೆ ಎದ್ದಿರೋ ಹಂಪ್ ನೋಸ್ಡ್ ಪಿಟ್ ವೈಪರ್. ಆಪಲ್ಲಿ ಹುಡುಕಿದೆ, ಬಂದಿದ್ದೆಲ್ಲ ರ‍್ಯಾಟಲ್ ಸ್ನೇಕು, ಅಂದ್ರೆ ಅಮೆರಿಕದ ಹಾವು, ಅದರ ಆಂಟಿವೆನಮ್ಮು (ವಿಷ ಇಳಿಸೋ ಔಷಧಿ)! ನಮ್ಮ ಎಎಸ್‌ವಿ (ಇಲ್ಲಿ ಸಿಗೋ ಆಂಟಿವೆನಮ್ಮು) ಇರೋದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ, ಈ ಸಣ್ಣ ಹಾವಿಗೆ ಅದು ಕೆಲ್ಸ ಮಾಡಲ್ಲ, ಆದ್ರೆ ಕಿಡ್ನಿಗೆ ಹೊಡೆತ ಬೀಳಬಹುದು. ಮಲೆನಾಡಿನ ಡಾಕ್ಟರಿಗೆ ಬೇಕಾಗಿರೋದು ಇದೇ ಮಾಹಿತಿ, ಅದೇ ಇಲ್ಲ.

20 ನಿಮಿಷದ ರಕ್ತ ಹೆಪ್ಪುಗಟ್ಟೋ ಟೆಸ್ಟ್ ಬಗ್ಗೆ ಒಂದೂವರೆ ಲೈನ್ ಇತ್ತು, ಅಷ್ಟೇ. ನಮಗೆ ಅದೇ ಲ್ಯಾಬು. ಎರಡು ಎಂಎಲ್ ರಕ್ತ ಒಣಗಿದ ಹೊಸ ಗಾಜಿನ ಟ್ಯೂಬಿಗೆ ಹಾಕಿ ಅಲ್ಲಾಡಿಸದೆ 20 ನಿಮಿಷ ಬಿಟ್ಟು ಒಂದ್ಸಲ ಬಗ್ಗಿಸಿ ನೋಡೋದು, ನೀರಿನ ಹಾಗೆ ಹರಿದ್ರೆ ವಿಷ ಏರಿದೆ ಅಂತ. ಪ್ಲಾಸ್ಟಿಕ್ ಆಗಲ್ಲ, ಸೋಪಿನಲ್ಲಿ ತೊಳೆದ ಟ್ಯೂಬೂ ಆಗಲ್ಲ, ರಿಸಲ್ಟ್ ತಪ್ಪು ಬರುತ್ತೆ. ಆಯಮ್ಮಂದು ಹೆಪ್ಪುಗಟ್ಟಿತ್ತು, ಆದ್ರೂ ಆಮೇಲೆ ಕೈ ಕೊಡಬಹುದು ಅಂತ ಹಾಸನಕ್ಕೆ ಕಳಿಸಿದೆ, ಎರಡು ದಿನ ಇಟ್ಕೊಂಡು ಬಿಟ್ರು.

ಮಂಗನ ಕಾಯಿಲೆದೂ ಅದೇ ಕತೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಕ್ಯಾಸನೂರಲ್ಲಿ ಸಿಕ್ಕಿದ ಕಾಯಿಲೆ, ನಮ್ಮ ಕೊಪ್ಪ, ಎನ್.ಆರ್.ಪುರ ಕಡೆ ಈಗ್ಲೂ ಬರುತ್ತೆ, ಆಪಲ್ಲಿ ಬೇರೆ ಹೆಮರೇಜಿಕ್ (ರಕ್ತಸ್ರಾವ ಆಗೋ) ಜ್ವರಗಳ ಮಧ್ಯೆ ಒಂದು ಪ್ಯಾರಾ. ಬೇಸಿಗೇಲಿ ಕಾಡಿಗೆ ಹೋಗಿ ಬಂದವ್ರಿಗೆ ಜ್ವರ, ಜೋರು ತಲೆನೋವು, ಪ್ಲೇಟ್‌ಲೆಟ್ ಕಮ್ಮಿ ಇದ್ರೆ ಬರೀ ಡೆಂಗಿ ಅಂತ ಕೂರಬಾರ್ದು, ಉಣುಗು ಕಚ್ಚಿತ್ತಾ ಕೇಳ್ಬೇಕು, ಆಸ್ಪಿರಿನ್ ಕೊಡಬಾರ್ದು, ಜ್ವರ ಬಿಟ್ಟು ಒಂದೆರಡು ವಾರ ಆದ್ಮೇಲೆ ಕೆಲವ್ರಿಗೆ ಮತ್ತೆ ತಿರುಗಿ ಬಂದು ಮೆದುಳಿಗೆ ಏರುತ್ತೆ ಅಂತ ಮನೆಯವ್ರಿಗೆ ಹೇಳಿ ಕಳಿಸ್ಬೇಕು. ಇಷ್ಟು ಬರೆಯೋಕೆ ಎಷ್ಟು ಜಾಗ ಬೇಕಿತ್ತು?

ಇನ್ನೊಂದು ಕಿರಿಕಿರಿ, ಪ್ಯಾರಸಿಟಮಾಲ್ ಅಂತ ಹೊಡೆದ್ರೆ ಅಸಿಟಮಿನೊಫೆನ್, ದಮ್ಮಿಗೆ ಕೊಡೋ ಸಾಲ್ಬುಟಮಾಲ್ ಅಂದ್ರೆ ಆಲ್ಬುಟೆರಾಲ್, ಔಷಧಿ ಅದೇ, ಹೆಸರು ಮಾತ್ರ ಅಮೆರಿಕದ್ದು. ಅಭ್ಯಾಸ ಆಗುತ್ತೆ ಬಿಡಿ. ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಟವರೂ ಹೋಗುತ್ತೆ, ಆಫ್‌ಲೈನ್ ಡೌನ್‌ಲೋಡ್ ಇದೆ ಅಂತ ದುಡ್ಡು ಕಟ್ಟಿದೆ, ಆದ್ರೆ ತಿಂಗಳಿಗೊಮ್ಮೆ ಆನ್‌ಲೈನ್ ಬಂದು ಲಾಗಿನ್ ಆಗ್ಲಿಲ್ಲ ಅಂದ್ರೆ ಲಾಕ್!

ಐದಕ್ಕೆ ಮೂರು ಸ್ಟಾರ್. ನಮ್ಮ ಕಡೆಯವ್ರು ತಗೊಳ್ಳೋದಾದ್ರೆ ಫ್ರೀ ಟ್ರಯಲ್ ಇರುವಾಗ್ಲೇ ಹಾವು, ಮಂಗನ ಕಾಯಿಲೆ ಎರಡೂ ಹುಡುಕಿ ನೋಡ್ಕೊಳ್ಳಿ, ಆಮೇಲೆ ಕಾರ್ಡ್ ನಂಬರ್ ಹಾಕಿ.